ಹಿತ್ತಾಳೆ ಕಿವಿ

ಪುಣೆಯ ಬೋಹ್ರಿ ಆಳಿಯಲ್ಲಿ ತಂತಿಯನ್ನು ತೂಗಿ ಮಾರುತ್ತಾರೆ,
ಚಕ್ಕುಲಿಯ ಹಾಗೆ ಸುತ್ತಿ.
ಹಕೀಮುದ್ದೀನ್ ಭಾಯಿ ತಕ್ಕಡಿಗೆ ಹಾಕುವ ಮುನ್ನ
ಒಂದು ಸುರುಳಿ ಬೆಳಕಿಗೆ ಹಿಡಿದು ಹೇಳಿದ್ದರು:
‘ಜರ್ಮನ್ ಸಿಲ್ವರ್. ಬೆಳ್ಳಿಗಿಂತ ಬೆಳ್ಳಗೆ.
ಯಾರ ಮೈಗೂ ತೊಂದರೆಯಿಲ್ಲ, ನನ್ನ ಮಾತು.’

ನಂಬಿದೆ.
ಅಮ್ಮ ಸುಮ್ಮನೆ ಅನ್ನುತ್ತಿರಲಿಲ್ಲ
ನನ್ನದು ಹಿತ್ತಾಳೆ ಕಿವಿಯೆಂದು.

ಅದರಲ್ಲಿ ಬೆಳ್ಳಿಯೂ ಇಲ್ಲ, ಜರ್ಮನಿಯೂ ಇಲ್ಲ.
ತಾಮ್ರ, ಸತು, ಮತ್ತೆ ಹೆಸರು ಹೇಳದೆ
ಹಿಂದಿನ ಸೀಟಿನಲ್ಲಿ ಕೂತ ಮೂರನೆಯವನು, ನಿಕ್ಕಲ್.
ಇದು ಗೊತ್ತಾದದ್ದು ಸಾನಿಕಾ ಢಮಢೇರೆ
ಹಡಪ್ಸರದಿಂದ ಎರಡು ಬಸ್ಸು ಬದಲಿಸಿ ಬಂದು
ಟಿಕೆಟ್ಟಿನಲ್ಲಿ ಸುತ್ತಿದ ಜುಮುಕಿ ಜೋಡಿಯನ್ನು
ನನ್ನ ಮೇಜಿನ ಮೇಲಿಟ್ಟಾಗ.

ಬೈಯಲಿಲ್ಲ. ಕೂದಲು ಸರಿಸಿ ತೋರಿಸಿದಳು, ಅಷ್ಟೇ.
ಹಾಲೆ ಊದಿ ಹಲಸಿನ ತೊಳೆ,
ತೂತಿನ ಸುತ್ತ ನೀರೊಸರಿ ಒಣಗಿದ ಜೇನುಬಣ್ಣದ ಹಕ್ಕಳೆ.
‘ದುಡ್ಡು ಬೇಡ ತಾಈ, ಬೇರೆ ಯಾರಿಗೂ ಕೊಡಬೇಡಿ.’
ಇವರಲ್ಲಿ ತಾಈ ಎಂದರೆ ಅಕ್ಕ.
ಹನ್ನೊಂದು ವರ್ಷವಾದರೂ ನನಗದು ಪ್ರತಿ ಸಲ
ತಾಯಿ ಎಂದೇ ಕೇಳುತ್ತದೆ.

ಆ ರಾತ್ರಿಯಿಂದ ನನ್ನ ಕಿವಿಯೇ ಒರೆಗಲ್ಲು.
ಎಡಕ್ಕೊಂದು ಲೋಹ, ಬಲಕ್ಕೊಂದು, ವಾರಕ್ಕೊಮ್ಮೆ ಬದಲು.
ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಇದರ ಲೆಕ್ಕವೂ.
ಹಿತ್ತಾಳೆ: ಚಿಲ್ಲರೆ ಮುಷ್ಟಿಯಲ್ಲಿಟ್ಟು ಮಲಗಿದ ವಾಸನೆ,
ಮೂರನೇ ದಿನ ದಿಂಬಿನ ಮೇಲೆ ಹಸಿರು ಚುಕ್ಕೆ.
ಅಲ್ಯುಮಿನಿಯಂ: ಇದೆಯೋ ಇಲ್ಲವೋ ತಿಳಿಯದಷ್ಟು ಹಗುರ.
ಬೆಂಕಿ ತಾಗಿಸಿದರೆ ಕೆಂಪಾಗಿ ಎಚ್ಚರಿಸುವುದೂ ಇಲ್ಲ,
ಒಮ್ಮೆಲೇ ಕುಸಿದು ಕೈಬಿಡುತ್ತದೆ.
ಸ್ಟೀಲು ನನ್ನ ಸುತ್ತಿಗೆಗೆ ಸೊಪ್ಪು ಹಾಕುವುದಿಲ್ಲ.
ಬೆಳ್ಳಿ ಒಳ್ಳೆಯದು.
ಬೆಳ್ಳಿ ಯಾವತ್ತೂ ಒಳ್ಳೆಯದು, ಬಾಡಿಗೆ ಕೊಟ್ಟಾದ ಮೇಲೆ.

ಕಸಬಾ ಪೇಟೆಯ ತಾಂಬಟ್ ಆಳಿಗೆ ಹೋದೆ.
ಇಡೀ ಓಣಿ ಒಂದೇ ಸಮ ಟಣ್ ಟಣ್,
ಅಲ್ಲಿ ಮಾತು ಕೇಳಬೇಕಾದರೆ ಬಾಯಿ ನೋಡಬೇಕು.
ಭಾಲಚಂದ್ರ ಕರಡೆ ಹಂಡೆಯ ಹೊಟ್ಟೆಗೆ
ಪೆಟ್ಟಿನ ಪಕ್ಕ ಪೆಟ್ಟು ಕೂರಿಸುತ್ತಿದ್ದರು,
ಒಂದೊಂದೂ ಕಡಲೆಬೇಳೆಯಷ್ಟು ಕನ್ನಡಿ.
‘ಹುಡುಗಿಯ ತೂತು ಏನಾಯಿತು?’
ಮುಚ್ಚಿಕೊಂಡಿತು, ಎಂದೆ.
‘ಮತ್ತೇಕೆ ತೂತಿಗೆ ಲೋಹ ಹುಡುಕುತ್ತೀ?’
ಹಂಡೆಯ ಬಾಯಂಚಿನಿಂದ ಕತ್ತರಿಸಿ ಉಳಿದ ಪಟ್ಟಿ
ನನ್ನ ಕಡೆ ಎಸೆದರು.
‘ತಾಮ್ರ. ಬಣ್ಣ ಬಿಡುತ್ತದೆ,
ಬಿಡುತ್ತೇನೆ ಅಂತ ಹೇಳಿಯೇ ಬಿಡುತ್ತದೆ.’

ಕೆಂಪಗೆ ಕಾಯಿಸಿ ನೀರಿಗಿಳಿಸಿದರೆ ತಾಮ್ರ ಮೆತ್ತಗೆ.
ಬಡಿದಷ್ಟೂ ಬಿರುಸು. ಮತ್ತೆ ಬೆಂಕಿ, ಮತ್ತೆ ಮೆತ್ತಗೆ.
ಮನುಷ್ಯರೂ ಹೀಗೇ ಎಂದು ಬರೆಯಬಹುದಿತ್ತು.
ಬರೆಯುವುದಿಲ್ಲ.
ನಾನು ಕಂಡ ಮನುಷ್ಯರಲ್ಲಿ
ಬೆಂದು ಮೆತ್ತಗಾದವರು ಕಡಿಮೆ.

ನಾಲ್ಕನೆಯ ಸಲಕ್ಕೆ ಬಂತು:
ಕಿವಿಯ ಮೇಲಂಚಿಗೆ ಸುಮ್ಮನೆ ಸಿಕ್ಕಿಸುವ ಬಾಗು,
ಚುಚ್ಚಬೇಕಿಲ್ಲ, ಕೊಂಡಿಯಿಲ್ಲ,
ಮೈತುಂಬ ಕರಡೆಯವರಿಂದ ಕದ್ದ ಪೆಟ್ಟಿನ ಗುರುತು.
‘ಸೆಕೆಗೆ ಹಸಿರಾಗುತ್ತದೆ’ ಎಂದು ಮೊದಲೇ ಹೇಳಿದೆ.
‘ಸೋಪಿಗೆ ಹೋಗುತ್ತದಾ?’
ಹೋಗುತ್ತದೆ.
ಸಾನಿಕಾ ಫೋನನ್ನೇ ಕನ್ನಡಿ ಮಾಡಿಕೊಂಡು
ಕಿವಿಯನ್ನು ಬಹಳ ಹೊತ್ತು ನೋಡಿದಳು,
ದೂರದ ನೆಂಟರ ಮಗುವನ್ನು ನೋಡುವ ಹಾಗೆ.

ಈಗ ಪ್ರತಿ ಜೋಡಿಗೂ ಒಂದು ಚೀಟಿ ಕಟ್ಟುತ್ತೇನೆ,
ಒಳಗೆ ಏನೇನಿದೆಯೆಂದು.
ಅರ್ಧ ಜನ ಓದಿ ಕೆಳಗಿಡುತ್ತಾರೆ.
ಓದದ ಅರ್ಧ ಜನ ಕೊಳ್ಳುತ್ತಾರೆ.

ಜಗಳಕ್ಕೆಂದೇ ಒಮ್ಮೆ ಬೋಹ್ರಿ ಆಳಿಗೆ ಹೋದೆ.
ಹಕೀಮುದ್ದೀನ್ ಭಾಯಿ ಎಲ್ಲ ಕೇಳಿಸಿಕೊಂಡು
ತಕ್ಕಡಿಯ ಮುಳ್ಳು ನೋಡುತ್ತ ಅಂದರು,
‘ನನಗೂ ಭಿವಂಡಿಯವನು ಹಾಗೇ ಹೇಳಿದ್ದ ಬೇಟಿ.’
ಅವರ ಕಿವಿ ನೋಡಿದೆ:
ನರೆಗೂದಲು, ಸಿಕ್ಕಿಸಿದ ಗಿಡ್ಡ ಪೆನ್ಸಿಲು.
ಅದನ್ನೇ ಇಸಿದುಕೊಂಡು
ಬೆಳ್ಳಗೆ ನಗುತ್ತಿದ್ದ ಸುರುಳಿಯ ಚೀಟಿಯ ಮೇಲೆ
ದಪ್ಪಕ್ಷರದಲ್ಲಿ ಬರೆದೆ, ಮೂವರ ಹೆಸರೂ.
ಅವರು ಅಳಿಸಲಿಲ್ಲ.
ಪೆನ್ಸಿಲು ಮಾತ್ರ ವಾಪಸು ಕೇಳಿದರು.